ಸಂಡಿಗೆ ಕಾಲಕ್ಕೆ ತಾರಸಿಯ ಬೀಗ ತೆಗೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಶಿವರಾತ್ರಿ ಬಂದರೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ನಮ್ಮಲ್ಲಿ ಬಳಕೆಯ ಮಾತು. ಅಲ್ಲಿಂದ ಯುಗಾದಿ ದಾಟಿ, ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ ಹುಟ್ಟುವ ತನಕ ಸುಮಾರು ಆರೇಳು ವಾರ ಬೆಂಗಳೂರು, ಮೈಸೂರು ಕಡೆಯ ಬಿಸಿಲು ಸಂಡಿಗೆಗೆ ಹೇಳಿ ಮಾಡಿಸಿದಂತಿರುತ್ತದೆ. ಏಪ್ರಿಲ್ ಕೊನೆಯ ಬಿಸಿಲು ಇನ್ನೂ ಜೋರು. ಆದರೆ ಆ ಹೊತ್ತಿಗೆ ಗಾಳಿಯಲ್ಲಿ ನೀರಿನಂಶ ಏರಿರುತ್ತದೆ, ಮಧ್ಯಾಹ್ನ ಮೂರು ದಾಟಿದರೆ ಯಾವಾಗ ಮೋಡ ಕಟ್ಟುತ್ತದೋ ಹೇಳಲಾಗದು. ಮಾರ್ಚಿನಲ್ಲಿ ಗಾಳಿ ಒಣಗಿರುತ್ತದೆ, ಆಕಾಶ ತೆರೆದಿರುತ್ತದೆ. ಆದ್ದರಿಂದ ಈ ಆರೇಳು ವಾರದಲ್ಲಿ ಕಡೇ ಪಕ್ಷ ಎರಡು ಶನಿವಾರ-ಭಾನುವಾರ ಅಪಾರ್ಟ್‌ಮೆಂಟ್ ಸಂಘಗಳು ತಾರಸಿಯ ಬೀಗ ತೆಗೆಯಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ.

ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಪ್ರಕಾರ, ಕಟ್ಟಡದ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಬೇರೆ ರೀತಿ ಬರೆದಿಲ್ಲದಿದ್ದರೆ ಮೇಲ್ಛಾವಣಿಯೂ ಮೆಟ್ಟಿಲು, ಮೊಗಸಾಲೆಗಳ ಹಾಗೆ ಎಲ್ಲ ಮನೆಯವರಿಗೂ ಸೇರಿದ ಜಾಗ. ಬೀಗ ಹಾಕುವುದಕ್ಕೆ ಸಂಘಗಳು ಕೊಡುವ ಕಾರಣಗಳು ಮೂರು: ಮಕ್ಕಳು ಬೀಳಬಹುದು, ನೀರು ಸೋರುವುದು ತಡೆಯಲು ಬಳಿದ ಲೇಪನ ಹಾಳಾದೀತು, ಕಸ ಉಳಿದೀತು. ಮೂರೂ ನಿಜವಾದ ಚಿಂತೆಗಳೇ. ಮಾಡುವ ಕ್ರಮದಲ್ಲಿ ಮಾಡಿದರೆ ಮೂರಕ್ಕೂ ಪರಿಹಾರವಿದೆ.

ಮೊದಲು ಜಾಗ. ಮಳೆನೀರು ಹರಿಯಲೆಂದು ತಾರಸಿಗೆ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ. ಸಂಡಿಗೆ ಹಾಸು ಯಾವಾಗಲೂ ಎತ್ತರದ ಕಡೆ ಇರಬೇಕು. ಬೆಳಗ್ಗೆ ಮೋಟಾರ್ ಹಾಕಿ ಮರೆತು ಟ್ಯಾಂಕ್ ತುಂಬಿ ಹರಿದರೆ ತಗ್ಗಿನಲ್ಲಿದ್ದ ಹಾಸು ಹತ್ತೇ ನಿಮಿಷದಲ್ಲಿ ಕೊಚ್ಚೆ. ಅಪಾರ್ಟ್‌ಮೆಂಟಿನಲ್ಲಿ ಸಂಡಿಗೆ ಕೆಡುವುದು ಕಾಗೆಗಿಂತ ಹೆಚ್ಚಾಗಿ ಟ್ಯಾಂಕಿನಿಂದ. ಆ ಎರಡು ದಿನ ಮೋಟಾರ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿಡಿ. ಸೋಲಾರ್ ಫಲಕ, ಲಿಫ್ಟ್ ಕೋಣೆಗಳ ನೆರಳು ಬೆಳಗ್ಗೆ ಒಂದು ಕಡೆ, ಮಧ್ಯಾಹ್ನದ ಮೇಲೆ ಇನ್ನೊಂದು ಕಡೆ ಬೀಳುತ್ತದೆ. ಹಿಂದಿನ ದಿನವೇ ಬೆಳಗ್ಗೆ ಹತ್ತಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಮೇಲೆ ಹೋಗಿ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಸಾಕು.

ಹಾಸಲು ಹಳೆಯ, ಬಣ್ಣ ಬಿಡದ ಹತ್ತಿ ಪಂಚೆಯೇ ಉತ್ತಮ. 1 ಕೆಜಿ ಅಕ್ಕಿ ಹಿಟ್ಟಿನ ಹುಯ್ಯುವ ಸಂಡಿಗೆಗೆ, ಅಂದರೆ ಬೇಯಿಸಿದ ಹಿಟ್ಟಿನ ಗಂಜಿಯನ್ನು ಬಟ್ಟೆಯ ಮೇಲೆ ಹುಯ್ದು ಮಾಡುವುದಕ್ಕೆ, ನಾಲ್ಕು ಮೊಳದ ಎರಡು ಪಂಚೆ ಬೇಕಾಗುತ್ತದೆ. ಪಂಚೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಕೆಳಗೊಂದು ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹಾಸಬೇಕು. ಒಣ ಬಟ್ಟೆಯ ಮೇಲೆ ಹುಯ್ದರೆ ಬಟ್ಟೆ ಗಂಜಿಯನ್ನು ಹೀರಿಕೊಂಡು ಸಂಡಿಗೆ ಬಿಡಿಸಲು ಬಾರದು. ಪ್ಲಾಸ್ಟಿಕ್ ಹಾಳೆಯಾದರೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಆದರೆ ಅಡಿಭಾಗಕ್ಕೆ ಗಾಳಿ ಆಡದೆ ಒದ್ದೆ ಉಳಿಯುತ್ತದೆ, ಮರುದಿನ ಒಂದೊಂದನ್ನೂ ಮಗುಚಬೇಕು. ಎಲ್ಲೋ ಕಟ್ಟಿದ್ದ ಫ್ಲೆಕ್ಸ್ ಬ್ಯಾನರನ್ನು ತಂದು ಮಗುಚಿ ಹಾಸುವುದು ಮಾತ್ರ ಬೇಡವೇ ಬೇಡ. ಬಿಸಿ ಗಂಜಿಯನ್ನು ಮುದ್ರಣದ ಬಣ್ಣವಿರುವ ಪಿವಿಸಿ ಹಾಳೆಯ ಮೇಲೆ ಹುಯ್ದು ಮಕ್ಕಳಿಗೆ ತಿನ್ನಿಸುವಂತಿಲ್ಲ.

ಕುದಿಸುವ ಕೆಲಸ ಅಡುಗೆಮನೆಯಲ್ಲೇ ನಡೆಯಲಿ, ಒಲೆಯನ್ನು ತಾರಸಿಗೆ ಒಯ್ಯುವುದು ಬೇಡ. ಗಂಜಿಯ ಪಾತ್ರೆಯನ್ನು ನೇರವಾಗಿ ತಾರಸಿಯ ಲೇಪನದ ಮೇಲೆ ಇಡದೆ ಮಣೆಯ ಮೇಲೆ ಇಟ್ಟರೆ ಸಂಘದ ಎರಡನೆಯ ಚಿಂತೆ ಮುಗಿಯಿತು. ಚೆಲ್ಲಿದ ಗಂಜಿಯನ್ನು ಬಕೆಟ್ ನೀರು ಸುರಿದು ಮಳೆನೀರಿನ ಕೊಳವೆಗೆ ತಳ್ಳಬಾರದು. ಗಂಜಿ ಮಳೆನೀರು ಕೊಯ್ಲಿನ ಶೋಧಕದಲ್ಲಿ ಅಂಟಿ ಹುಳಿತು ನಾರುತ್ತದೆ. ಒದ್ದೆ ಬಟ್ಟೆಯಲ್ಲಿ ಆಗಿಂದಾಗಲೇ ಒರೆಸಿದರೆ ಜಾರುವುದೂ ಇಲ್ಲ, ಇರುವೆಯೂ ಮುತ್ತುವುದಿಲ್ಲ, ಸಂಘದ ಮೂರನೆಯ ಚಿಂತೆಯೂ ಮುಗಿಯಿತು.

ಈಗ ಹದದ ಮಾತು. ಹೊಸಬರು ಸೋಲುವುದು ಇಲ್ಲೇ. ಹುಯ್ಯುವ ಸಂಡಿಗೆಗೆ 1 ಲೋಟ ಅಕ್ಕಿ ಹಿಟ್ಟಿಗೆ ಒಟ್ಟು 6 ಲೋಟ ನೀರು. ಅದರಲ್ಲಿ 2 ಲೋಟ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿಡಿ. ಉಳಿದ 4 ಲೋಟವನ್ನು ದಪ್ಪ ತಳದ ಪಾತ್ರೆಯಲ್ಲಿ 1 ಚಮಚ ಉಪ್ಪು, ಇಂಗು, ರುಬ್ಬಿದ ಹಸಿಮೆಣಸಿನಕಾಯಿ ಹಾಕಿ ಮರಳಿಸಿ, ಕಲಸಿದ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕೈ ಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಾಜಿನ ಹೊಳಪು ಬಂದಾಗ ಬೆಂದಿದೆ ಎಂದು ಅರ್ಥ. ಅನುಮಾನವಿದ್ದರೆ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ, ಆರಿದ ಮೇಲೆ ಒದ್ದೆ ಬೆರಳಿನಿಂದ ಮುಟ್ಟಿ. ಅಂಟದಿದ್ದರೆ ಇಳಿಸಬಹುದು. ಬೇಯದ ಗಂಜಿಯ ಸಂಡಿಗೆ ಒಣಗುವಾಗ ಬಿರುಕು ಬಿಟ್ಟು ಚೂರಾಗುತ್ತದೆ, ಎಣ್ಣೆಯಲ್ಲಿ ಅರಳುವುದಿಲ್ಲ. ನಾಲಿಗೆಗೆ ಉಪ್ಪು ಸರಿಯಾಗಿದೆ ಅನ್ನಿಸಿದರೆ ಅದು ಹೆಚ್ಚಾಗಿದೆ ಎಂದೇ ತಿಳಿಯಿರಿ. ನೀರೆಲ್ಲ ಆರಿದ ಮೇಲೆ ಅಷ್ಟೂ ಉಪ್ಪು ಅಷ್ಟು ಸಣ್ಣ ಬಿಲ್ಲೆಯಲ್ಲೇ ಉಳಿಯುತ್ತದೆ.

ಒತ್ತುವ ಸಂಡಿಗೆಗೆ ನೀರು ಕಡಿಮೆ, 1 ಲೋಟ ಹಿಟ್ಟಿಗೆ ಎರಡು, ಎರಡೂಕಾಲು ಲೋಟ. ಮರಳುವ ನೀರಿಗೆ ಹಿಟ್ಟು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಟ್ಟು, ಮಗುಚಿ, ಬಿಸಿಯಲ್ಲೇ ನಾದಬೇಕು. ಆರಿದ ಹಿಟ್ಟು ಚಕ್ಕುಲಿ ಒರಳಿನಲ್ಲಿ ಇಳಿಯುವುದಿಲ್ಲ. ಇಳಿದರೂ ಎಳೆ ತುಂಡು ತುಂಡಾಗುತ್ತದೆ. ಒಂದೊಂದು ಉಂಡೆಯನ್ನಷ್ಟೇ ತೆಗೆದು ಉಳಿದದ್ದನ್ನು ಒದ್ದೆ ಬಟ್ಟೆ ಮುಚ್ಚಿ ಪಾತ್ರೆಯಲ್ಲೇ ಬಿಡಿ. ಒರಳಿನ ಬಿಲ್ಲೆಯ ತೂತು ಕಟ್ಟುವುದಕ್ಕೆ ಕಾರಣ ಹೆಚ್ಚಾಗಿ ಮೆಣಸಿನಕಾಯಿಯ ಬೀಜ ಮತ್ತು ಇಡೀ ಜೀರಿಗೆ. ಮೆಣಸಿನಕಾಯಿ ರುಬ್ಬಿದ್ದನ್ನು ಸೋಸಿ ರಸ ಮಾತ್ರ ಹಾಕಿ, ಜೀರಿಗೆಯನ್ನು ಕುಟ್ಟಿ ಹಾಕಿ. ಒರಳು ಒತ್ತುವುದು ತೋಳಿನ ಶಕ್ತಿಯ ಕೆಲಸ, ಒಬ್ಬರಿಂದ ಆಗದು. ಮನೆಯ ಗಂಡಸರೂ ಕಾಲೇಜು ಹುಡುಗರೂ ಹತ್ತು ಹತ್ತು ನಿಮಿಷಕ್ಕೆ ಕೈ ಬದಲಿಸಿದರೆ ನಗುನಗುತ್ತಾ ಮುಗಿಯುತ್ತದೆ.

ಸಬ್ಬಕ್ಕಿಯನ್ನು ಶುಕ್ರವಾರ ರಾತ್ರಿಯೇ ನೆನೆಸಬೇಕು. 1 ಲೋಟಕ್ಕೆ ನೆನೆಸಿದ ನೀರೂ ಸೇರಿ 5 ಲೋಟ ನೀರು. ಕಾಳಿನ ನಡುವಿನ ಬಿಳಿ ಚುಕ್ಕೆ ಪೂರಾ ಮಾಯವಾಗುವ ತನಕ ಬೇಯಿಸಿ. ಆ ಚುಕ್ಕೆ ಉಳಿದರೆ ಕರಿದಾಗ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಕೊನೆಗೆ ಒಂದು ಸೌಟು ಹುಳಿ ಮಜ್ಜಿಗೆ ಹಾಕಿದರೆ ರುಚಿ ಏರುತ್ತದೆ. ಅರಳು ಸಂಡಿಗೆ ಮಾಡುವವರಿಗೆ ಶುಕ್ರವಾರ ಸಂಜೆ ಇನ್ನೊಂದು ಕೆಲಸವಿದೆ: ಅರಳಿನಲ್ಲಿ ಉಳಿದ ಭತ್ತ, ಹೊಟ್ಟು ಆರಿಸುವುದು. ಮಾತಾಡುತ್ತಾ ನಾಲ್ಕು ಜನ ಮೊರ ಹಿಡಿದು ಕೂತರೆ ಒಂದು ಗಂಟೆಯ ಕೆಲಸ, ಒಬ್ಬರೇ ಕೂತರೆ ಬೇಸರದ ಕೆಲಸ. ಬೂದುಗುಂಬಳದ ತುರಿ ಸೇರಿಸುವುದಾದರೆ ನೀರನ್ನು ಚೆನ್ನಾಗಿ ಹಿಂಡಿ. ಇಲ್ಲವಾದರೆ ಅರಳು ಮೆತ್ತಗಾಗಿ ಮುದ್ದೆಯಾಗುತ್ತದೆ, ಒಣಗಲು ನಾಲ್ಕು ದಿನ ಹಿಡಿಯುತ್ತದೆ. ಈರುಳ್ಳಿ ಸಂಡಿಗೆಯೂ ಹಾಗೆಯೇ, ಎರಡು ದಿನದ ಲೆಕ್ಕಕ್ಕೆ ಅದು ಹೊಂದುವುದಿಲ್ಲ.

ಶನಿವಾರ ಬೆಳಗ್ಗೆ ಆರಕ್ಕೆ ಒಲೆ ಹಚ್ಚಿದರೆ ಏಳಕ್ಕೆ ಮೇಲೆ ಹೋಗಬಹುದು. ಎಂಟೂವರೆಯೊಳಗೆ ಹುಯ್ಯುವುದು, ಒತ್ತುವುದು ಮುಗಿಯಬೇಕು. ಒಂಬತ್ತೂವರೆಯ ಮೇಲೆ ತಾರಸಿಯಲ್ಲಿ ಬರಿಗಾಲಿಟ್ಟು ಕೂರಲಾಗದು. 2 ಕೆಜಿ ಹಿಟ್ಟಿಗೆ ಆರು ಜನ ದೊಡ್ಡವರು ಬೇಕು: ಕೆಳಗೆ ತಿರುವಲು ಇಬ್ಬರು, ಮೇಲೆ ಹುಯ್ಯಲು ಮತ್ತು ಒತ್ತಲು ಮೂವರು, ಪಾತ್ರೆ ಸಾಗಿಸಲು ಒಬ್ಬರು. ಮಕ್ಕಳಿಗೆ ಕಾಗೆ, ಪಾರಿವಾಳ ಕಾಯುವ ಕೆಲಸ. ಅವರು ಕೂರುವ ಜಾಗ ತಾರಸಿಯ ನಡುವೆ, ಕೊಡೆಯ ನೆರಳಲ್ಲಿ ಇರಲಿ, ಅಂಚಿನ ಗೋಡೆಯಿಂದ ದೂರ. ಜೊತೆಗೆ ಸದಾ ಒಬ್ಬರು ದೊಡ್ಡವರು. ಸಂಘದ ಮೊದಲನೆಯ ಚಿಂತೆಗೆ ಇದು ಉತ್ತರ. ಹಾಸಿನ ಮೇಲೆ ಸೊಳ್ಳೆ ಪರದೆ ಕಟ್ಟುವಾಗ ನಾಲ್ಕು ಕುರ್ಚಿಗೆ ಹಗ್ಗ ಬಿಗಿದು ಎತ್ತರದಲ್ಲಿ ಕಟ್ಟಿ. ಪರದೆ ಹಸಿ ಸಂಡಿಗೆಗೆ ತಾಗಿದರೆ ಅಂಟಿಕೊಂಡು ಎರಡೂ ಹಾಳು. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಪರದೆಯಿಂದ ಧೂಳು ನಿಲ್ಲುವುದಿಲ್ಲ. ಅಂಥ ವಾರ ಮುಂದೆ ಹಾಕುವುದೇ ಸರಿ.

ಸಂಜೆ ಐದಕ್ಕೆ ನಾಲ್ಕು ಮೂಲೆ ಹಿಡಿದು ಹಾಸನ್ನು ಮಡಿಸದೆ ಒಳಗೆ ತರಬೇಕು. ಸುತ್ತಿದರೆ, ಮಡಿಸಿದರೆ ಒಂದಕ್ಕೊಂದು ಅಂಟುತ್ತವೆ. ರಾತ್ರಿ ಫ್ಯಾನ್ ಕೆಳಗೆ ಇರಲಿ. ಭಾನುವಾರ ಮತ್ತೆ ಇಡೀ ದಿನ ಬಿಸಿಲು. ಬಟ್ಟೆಯ ಸಂಡಿಗೆಯನ್ನು ಆ ಸಂಜೆ ಬಿಡಿಸುವುದು: ಪಂಚೆಯನ್ನು ಮಗುಚಿ, ಹಿಂಭಾಗಕ್ಕೆ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಎಳೆದರೆ ಇಡಿಯಾಗಿ ಬರುತ್ತದೆ. ಹೊರಗೆ ಗರಿ, ಒಳಗೆ ಮೆತ್ತಗಿರುವ ಆ ಅರೆ ಒಣಗಿದ ಸಂಡಿಗೆ ಮಕ್ಕಳಿಗೆ ಪ್ರಾಣ. ಅವರ ಪಾಲೆಂದು ಒಂದು ಹಿಡಿ ಹೆಚ್ಚಿಗೇ ಹುಯ್ದಿರಬೇಕು. ಉಳಿದ ತೇವ ತೆಗೆಯಲು ತಾರಸಿ ಬೇಡ, ಮೊರದಲ್ಲಿ ಹರಡಿ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಎರಡು ಮೂರು ದಿನ ಇಟ್ಟರೆ ಸಾಕು. ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಇನ್ನೊಂದು ದಿನ. ಬಿಸಿಲಿಂದ ತೆಗೆದ ಬಿಸಿಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳ ಬೆವರಿ ಬೂಷ್ಟು ಹಿಡಿಯುತ್ತದೆ. ಪೂರಾ ಆರಲಿ.

ಎರಡನೆಯ ವಾರಾಂತ್ಯ ಏಕೆ ಬೇಕೆಂದರೆ, ಒಂದೇ ಕಟ್ಟಡದಲ್ಲಿ ಈಗ ಎಲ್ಲ ಸೀಮೆಯವರೂ ಇದ್ದಾರೆ. ಧಾರವಾಡ ಕಡೆಯವರಿಗೆ ಕುರುಡಗಿ ಬೇಕು. ಅದಕ್ಕೆ ಗೋಧಿಯನ್ನು ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ನೆನೆಸಿ, ರುಬ್ಬಿ, ಸೋಸಿ, ತಳದಲ್ಲಿ ಕೂತ ಹಾಲನ್ನು ಬೇಯಿಸಿ ಒತ್ತಬೇಕು. ನೀರು ಬದಲಿಸುವುದು ತಪ್ಪಿದರೆ ವಾಸನೆ ಹೋಗುವುದಿಲ್ಲ, ಹಾಗಾಗಿ ಬುಧವಾರವೇ ಶುರು ಮಾಡಬೇಕು. ಕರಾವಳಿ, ಮಲೆನಾಡಿನವರು ಊರಿಂದ ಬಲಿತ ಹಲಸಿನಕಾಯಿ ತರಿಸಿ ಹಪ್ಪಳ ತಟ್ಟುತ್ತಾರೆ. ಬೆಂದ ಸೊಳೆಯನ್ನು ಬಿಸಿ ಆರುವ ಮೊದಲೇ ಕುಟ್ಟದಿದ್ದರೆ ಗಂಟು ಉಳಿದು ಹಪ್ಪಳ ತೂತಾಗುತ್ತದೆ. ಉದ್ದಿನ ಹಪ್ಪಳಕ್ಕೆ ಬಿಸಿಲೇ ಬೇಡ, ನೆರಳಿನಲ್ಲೇ ಆರಬೇಕು, ಬಿಸಿಲಿಗಿಟ್ಟರೆ ಅಂಚು ಮುದುರಿ ಸೀಳುತ್ತದೆ. ತಮಿಳರ ವಡಾಂ, ತೆಲುಗರ ವಡಿಯಾಲು ನಮ್ಮ ಸಂಡಿಗೆಯ ಅಕ್ಕ ತಂಗಿಯರೇ. ಒಂದೇ ಮಹಡಿಯಲ್ಲಿದ್ದೂ ಹೆಸರು ಗೊತ್ತಿಲ್ಲದವರು ಒಂದು ಒರಳು ಹಿಡಿದು ಕೂತ ಬೆಳಗ್ಗೆಯೇ ಅಕ್ಕ, ಅತ್ತೆ, ಭಾವ ಎಂದು ಕರೆಯತೊಡಗುತ್ತಾರೆ. ಸಂಘದ ಸಭೆ ಕರೆದು ಇದನ್ನು ಮಾಡಲಾಗದು.

ಹಂಚುವಾಗ ಹಸಿ ಹಿಟ್ಟಿನ ಲೆಕ್ಕ ಬೇಡ, ಒಣಗಿದ ಮೇಲೆ ತೂಗಿ ಹಂಚಿ. ಬಂದು ಕೈ ಹಾಕಲಾಗದ ವಯಸ್ಸಾದವರ ಮನೆಗೂ ಒಂದು ಪಾಲು ತೆಗೆದಿಡಿ, ಹದ ಹೇಳಿಕೊಟ್ಟವರು ಹೆಚ್ಚಾಗಿ ಅವರೇ ಆಗಿರುತ್ತಾರೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಮಾರ್ಚ್ ತಿಂಗಳಿಡೀ ಮತ್ತು ಏಪ್ರಿಲಿನ ಮೊದಲ ಎರಡು ವಾರ, ಶುಕ್ರವಾರದ ಸಂಚಿಕೆಯಲ್ಲಿ ಶನಿವಾರ-ಭಾನುವಾರದ ಮುನ್ಸೂಚನೆಯನ್ನು ಗರಿಷ್ಠ, ಕನಿಷ್ಠ ತಾಪಮಾನಕ್ಕೆ ನಿಲ್ಲಿಸದೆ ಮೋಡ ಎಷ್ಟು, ಗಾಳಿಯಲ್ಲಿ ತೇವಾಂಶ ಎಷ್ಟು ಎಂಬುದನ್ನೂ ಸೇರಿಸಿ ಜಿಲ್ಲಾವಾರು ಅಚ್ಚು ಹಾಕಿ. ಸಬ್ಬಕ್ಕಿ ನೆನೆಸುವುದು ಶುಕ್ರವಾರ ರಾತ್ರಿ. ಬೆಳಗಿನ ಪತ್ರಿಕೆಯಲ್ಲಿ ಅಷ್ಟು ಗೊತ್ತಾದರೆ ನೆನೆಸಬೇಕೋ ಬೇಡವೋ ಎಂದು ತೀರ್ಮಾನಿಸಲು ಇಡೀ ಹಗಲು ಸಿಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಓದುಗಿ, ಬೆಂಗಳೂರು