ರಾತ್ರಿ ಹತ್ತಕ್ಕೆ ಶುರುವಾಗೋ ಓಟ: ಮಂಜುಗೊಂದು ಪತ್ರ

ಟ್ಯಾಂಪಾ, ಫ್ಲೋರಿಡಾ
2015 ಅಕ್ಟೋಬರ್ 18, ಭಾನುವಾರ

ಪ್ರೀತಿಯ ಮಂಜು,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಹನ್ನೊಂದು ಮೈಲಿ ಆರಾಮಾಗಿ ಓಡ್ದೆ ಗುರು, ಇನ್ನು ಅಲ್ಲಿಗೆ ಬಂದು ಓಡೋದೊಂದೇ ಬಾಕಿ ಅಂದ್ಯಲ್ಲ, ಅದನ್ನ ಹೇಳೋವಾಗ ನಿನ್ನ ದನಿಯಲ್ಲಿದ್ದ ಖುಷಿ ಕೇಳಿ ನನಗೂ ಮನಸ್ಸು ತುಂಬಿ ಬಂತು ಕಣೋ. ಕಾಲು ರೆಡಿ ಇದೆ, ಅದ್ರಲ್ಲಿ ಡೌಟೇ ಇಲ್ಲ. ಆದ್ರೆ ಒಂದು ಮಾತು ಹೇಳ್ಬೇಕು, ಫೋನಲ್ಲಿ ಹೇಳಿದ್ರೆ ನೀನು ಹೂಂ ಹೂಂ ಅಂದು ಮರ್ತುಬಿಡ್ತೀಯ, ಅದಕ್ಕೆ ಕೂತು ಬರೀತಿದೀನಿ. ಇನ್ನೂ ಒಂದಿಬ್ರು ಸ್ನೇಹಿತರು ಇದೇ ಓಟಕ್ಕೆ ಹೆಸರು ಕೊಟ್ಟಿದಾರೆ, ಅವರಿಗೂ ಸಿಗ್ಲಿ ಅಂತ ಎಲ್ರೂ ಓದೋ ಹಾಗೆ ಹಾಕ್ತಿದೀನಿ, ಬೇಜಾರಿಲ್ಲ ಅಲ್ವಾ.

ವಿಷಯ ಏನಂದ್ರೆ, ನೀನು ಇಷ್ಟು ದಿನ ಓಡಿರೋದೆಲ್ಲ ಬೆಳಗ್ಗೆ ಆರಕ್ಕೆ, ಆ ಕೆನಾಲ್ ಪಕ್ಕದ ಟ್ರೈಲ್‌ನಲ್ಲಿ, ಖಾಲಿ ಹೊಟ್ಟೇಲಿ, ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದ ಮೈಯಲ್ಲಿ. ಡಿಸ್ನಿ ವರ್ಲ್ಡ್‌ನಲ್ಲಿ ನಾವು ಓಡೋ ಈ ವೈನ್ ಅಂಡ್ ಡೈನ್ ಹಾಫ್ ಮ್ಯಾರಥಾನ್ ಶುರುವಾಗೋದು ರಾತ್ರಿ ಹತ್ತಕ್ಕೆ. ಹಿಂದಿನ ಕೊರಾಲ್‌ನಲ್ಲಿ, ಅಂದ್ರೆ ಹಿಂದಿನ ಗುಂಪಲ್ಲಿ, ಇರೋ ನಮ್ಮಂಥೋರು ಗೆರೆ ದಾಟೋ ಹೊತ್ತಿಗೆ ಹತ್ತೂವರೆ ಆದ್ರೂ ಆಗುತ್ತೆ. ಅಷ್ಟೊತ್ತಿಗೆ ಒಂದಿಡೀ ದಿನ ನಿನ್ನ ಮೈಮೇಲೆ ಕೂತಿರುತ್ತೆ, ಬೆಳಗ್ಗೆ ತಿಂದ ತಿಂಡಿ, ಮಧ್ಯಾಹ್ನದ ಬಿಸಿಲು, ಮಗು ಜೊತೆ ಅಲೆದಾಡಿದ ಮೈಲಿಗಳು, ನಾಲ್ಕು ಗಂಟೆ ಕಾಫಿ, ಎಲ್ಲಾನೂ ಹೊತ್ಕೊಂಡೇ 21 ಕಿಲೋಮೀಟರ್ ಓಡ್ಬೇಕು. ಹಾಗಾಗಿ ಉಳಿದಿರೋ ಈ ದಿನಗಳಲ್ಲಿ ಕಾಲಿನ ಕಡೆ ಗಮನ ಕಮ್ಮಿ ಮಾಡು, ನವೆಂಬರ್ 7ರ ಆ ಶನಿವಾರದ ದಿನವನ್ನ ತಯಾರು ಮಾಡು.

ವೈಟ್‌ಫೀಲ್ಡ್‌ನಲ್ಲಿ ಮಿಡ್‌ನೈಟ್ ಮ್ಯಾರಥಾನ್ ಓಡಿದೋನು ನಾನು, ರಾತ್ರಿ ಓಟ ಹೊಸದಾ ಅಂತ ನೀನು ಕೇಳ್ತೀಯ, ಗೊತ್ತು. ಆದ್ರೆ ಆಗ ಏನಾಗಿತ್ತು ನೆನಪು ಮಾಡ್ಕೊ, ನೀನು ಮನೇಲಿ ಮಧ್ಯಾಹ್ನ ಪೂರ್ತಿ ಮಲ್ಗಿದ್ದು ಸಂಜೆ ಎದ್ದು ಬೈಕ್ ಹತ್ತಿ ಬಂದಿದ್ದೆ. ಇಲ್ಲಿ ಹಾಗಲ್ಲ, ಫ್ಯಾಮಿಲಿ ಜೊತೆ ಡಿಸ್ನಿ ವರ್ಲ್ಡ್‌ಗೆ ಬಂದಿರ್ತೀಯ, ದುಡ್ಡು ಕೊಟ್ಟು ಟಿಕೆಟ್ ತಗೊಂಡಿರ್ತೀಯ, ಮಗು ಕೈ ಹಿಡಿದು ಎಳೀತಿರುತ್ತೆ, ರೂಮಲ್ಲಿ ಪರದೆ ಎಳ್ಕೊಂಡು ಮಲ್ಗು ಅಂದ್ರೆ ಯಾರಿಗೆ ಮನಸ್ಸು ಬರುತ್ತೆ ಹೇಳು.

ಇನ್ನೊಂದು ಗಮನಿಸಿದ್ಯಾ, ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನಾನೇ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಓಟ ಇರೋದು 7ಕ್ಕೆ. ಅಂದ್ರೆ ಗಡಿಯಾರದಲ್ಲಿ ಹತ್ತು ಅಂತಿದ್ರೂ ಮೈ ಮಾತ್ರ ಇನ್ನೂ ಹನ್ನೊಂದರ ಲೆಕ್ಕದಲ್ಲೇ ಇರುತ್ತೆ. ನೀನು ದಿನಾ ಹತ್ತೂವರೆಗೆ ಮಲ್ಗೋನು, ಮಲಗೋ ಹೊತ್ತಿಗೆ ಒಂದೆರಡು ಗಂಟೆ ಮುಂಚೇನೇ ಮೈಯಲ್ಲಿ ಮೆಲಟೋನಿನ್ ಅನ್ನೋ ನಿದ್ದೆ ಹಾರ್ಮೋನು ಏರೋಕೆ ಶುರುವಾಗುತ್ತೆ, ಆಕಳಿಕೆ ಬರೋ ಹೊತ್ತಿಗೆ ಸರಿಯಾಗಿ ನೀನು ಸ್ಟಾರ್ಟ್ ಲೈನ್‌ನಲ್ಲಿ ನಿಂತಿರ್ತೀಯ. ಅದಕ್ಕೆ ಆ ವಾರ ಹಳೇ ಟೈಮಿಗೆ ಅಂಟ್ಕೊಂಡು ಒಂಬತ್ತೂವರೆಗೇ ಮಲ್ಗಿಬಿಡ್ಬೇಡ, ದಿನಾ ಅರ್ಧ ಗಂಟೆ ತಡ ಮಾಡ್ತಾ ಹೋಗು, ಆಫೀಸಿಗೆ ತೊಂದರೆ ಆಗ್ದಂಗೆ ಬೆಳಗ್ಗೆ ಏಳೋದೂ ಸ್ವಲ್ಪ ತಡ ಆಗ್ಲಿ. ಗುರುವಾರ ಶುಕ್ರವಾರ ಎರಡು ರಾತ್ರೀನೂ ತುಂಬಾ ನಿದ್ದೆ ಮಾಡು. ಶನಿವಾರ ಮಧ್ಯಾಹ್ನ ನಿದ್ದೆ ಬರ್ಲಿ ಬಿಡ್ಲಿ, ಕಣ್ಣು ಮುಚ್ಕೊಂಡು ಬಿದ್ಕೊಂಡಿರು, ಅಷ್ಟಾದ್ರೂ ಕಾಲಿಗೆ ವಿಶ್ರಾಂತಿ.

ಮುಂದಿನ ಶನಿವಾರ, 24ಕ್ಕೆ, ಒಂದು ಪೂರ್ತಿ ರಿಹರ್ಸಲ್ ಮಾಡು. ಬರೀ ಓಡೋದಲ್ಲ, ಬೆಳಗ್ಗೆಯಿಂದ ರಾತ್ರಿವರೆಗೂ ರೇಸ್ ದಿನದ ಹಾಗೇ ಇರು. ಎಷ್ಟೊತ್ತಿಗೆ ಊಟ, ಎಷ್ಟೊತ್ತಿಗೆ ಕಾಫಿ, ಯಾವ ಸಾಕ್ಸು, ಯಾವ ಶರ್ಟು, ಎಲ್ಲಾನೂ ಅವತ್ತೇ ನೋಡ್ಬಿಡು, ರಾತ್ರಿ ಒಂಬತ್ತೂವರೆಗೆ ಹೊರಗೆ ಹೋಗಿ ಆರೋ ಏಳೋ ಮೈಲಿ ನಿಧಾನವಾಗಿ ಓಡು. ಟ್ರೈಲ್ ಬೇಡ, ಕತ್ತಲು, ದೀಪ ಇರೋ ರಸ್ತೇಲೇ ಓಡು, ರಿಫ್ಲೆಕ್ಟರ್ ಜಾಕೆಟ್ ಹಾಕ್ಕೊ. ಉದ್ದದ ಓಟ ಅದೇ ಕೊನೇದು, ಅಲ್ಲಿಂದಾಚೆಗೆ ಮೂರು ನಾಲ್ಕು ಮೈಲಿ ಸಾಕು. ಅವತ್ತು ಹೊಟ್ಟೆ ಏನು ಹೇಳುತ್ತೋ ಅದನ್ನ ಕೇಳು, ಯಾಕಂದ್ರೆ ರಾತ್ರಿ ಓಟದಲ್ಲಿ ಕಾಲಿಗಿಂತ ಮುಂಚೆ ಕೈ ಕೊಡೋದು ಹೊಟ್ಟೆ.

ಊಟದ ಬಗ್ಗೆ ನನ್ನ ಅನುಭವ ಹೇಳ್ತೀನಿ, ನಿನಗೆ ಹೊಂದಿದ್ರೆ ಇಟ್ಕೊ. ದೊಡ್ಡ ಊಟ ಮಧ್ಯಾಹ್ನ ಒಂದೂವರೆ ಒಳಗೆ ಮುಗೀಬೇಕು, ಅನ್ನಾನೇ ಇರ್ಲಿ, ಚಿತ್ರಾನ್ನ ಆಗ್ಬಹುದು, ಕಡಲೆಬೀಜ ಕಮ್ಮಿ ಹಾಕ್ಸು. ಬೇಳೆ, ಕಾಳು, ಸೊಪ್ಪು, ಕರಿದಿದ್ದು ಅವತ್ತು ಬೇಡ. ಸಂಜೆ ಆರಕ್ಕೆ ಸಣ್ಣದಾಗಿ ಏನಾದ್ರೂ, ನಾನು ಬ್ರೆಡ್ಡಿಗೆ ಜ್ಯಾಮ್ ಹಚ್ಕೊಂಡು ತಿಂತೀನಿ, ಜೊತೆಗೊಂದು ಬಾಳೆಹಣ್ಣು. ಮೊಸರನ್ನ ಕೆಲವರಿಗೆ ಆಗುತ್ತೆ, ಕೆಲವರಿಗೆ ಓಡೋವಾಗ ಹೊಟ್ಟೆ ಕುಲುಕುತ್ತೆ, ಅದಕ್ಕೇ ರಿಹರ್ಸಲ್ ಅಂದಿದ್ದು. ಆಮೇಲೆ ಕಾಫಿ. ಕಾಫಿಯೊಳಗಿನ ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು, ಮಧ್ಯಾಹ್ನ ಕುಡಿದ್ರೆ ನಿದ್ದೆ ಹಾಳು, ಮಲ್ಗಿ ಎದ್ದ ಮೇಲೆ ಸಂಜೆ ಐದಕ್ಕೆ ಕುಡಿ, ಓಡೋವಾಗ ಅದೇ ಕೆಲಸಕ್ಕೆ ಬರುತ್ತೆ. ಈಗ ದಸರಾ ನಡೀತಿದೆ, ಗೊಂಬೆ ನೋಡೋಕೆ ಅಂತ ಮನೆಮನೆಗೆ ಹೋಗಿ ತಿಂತಿರ್ತೀಯ, ತಿನ್ನು, ಪರ್ವಾಗಿಲ್ಲ. ದೀಪಾವಳಿ ಓಟ ಮುಗಿದ ಮೇಲೇ ಬರೋದು, ನರಕಚತುರ್ದಶಿ 10ಕ್ಕೆ, ಹೋಳಿಗೆ ಎಷ್ಟು ಬೇಕಾದ್ರೂ ತಿನ್ಬಹುದು.

ಇನ್ನು ಹವೆ. ನ್ಯೂಜೆರ್ಸಿ ಚಳೀಲಿ ಈಗ ಓಡ್ತಿದ್ಯಲ್ಲ, ಆ ಪೇಸ್ ಇಲ್ಲಿ ಮೊದಲ ಮೈಲೀಲೇ ಬಿಟ್ಬಿಡು. ನವೆಂಬರಲ್ಲೂ ಇಲ್ಲಿ ರಾತ್ರಿ 70 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು, ಗಾಳೀಲಿ ತೇವ ಬೇರೆ, ಬೆವರು ಬರುತ್ತೆ ಆದ್ರೆ ಆರೋದೇ ಇಲ್ಲ, ಮೈ ತಣ್ಣಗಾಗಲ್ಲ. ಜೆಫ್ ಗ್ಯಾಲೋವೇ ಅಂತ ಇದಾರಲ್ಲ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದೋರು, ಡಿಸ್ನಿಯೋರು ನಡೆಸೋ ರನ್‌ಡಿಸ್ನಿ ಓಟಗಳ ಟ್ರೈನಿಂಗ್ ಪ್ಲಾನ್ ಬರೆದುಕೊಡೋರು ಅವರೇ, ಅವರ ಲೆಕ್ಕ ಸುಲಭ ಇದೆ: 60 ಡಿಗ್ರಿ ಮೇಲೆ ಪ್ರತಿ 5 ಡಿಗ್ರಿಗೆ ಮೈಲಿಗೆ 30 ಸೆಕೆಂಡ್ ನಿಧಾನ. ನಿನ್ನದು 12 ನಿಮಿಷದ ಮೈಲಿ ಅಂದ್ರೆ ಇಲ್ಲಿ 13 ಅಂತ ಇಟ್ಕೊ. ಮಧ್ಯ ಮಧ್ಯ ಒಂದೊಂದು ನಿಮಿಷ ನಡಿ, ಸುಸ್ತಾಗೋಕೆ ಮುಂಚೇನೇ ನಡಿ, ಅದೂ ಅವರದ್ದೇ ವಿಧಾನ. ಟೈಮ್ ಮೀರುತ್ತೆ ಅನ್ನೋ ಭಯ ಬೇಡ, ಓಟ ನಡೆಸೋರು ಕೊಡೋದು ಮೈಲಿಗೆ 16 ನಿಮಿಷ, ಪೂರ್ತಿ ಓಟಕ್ಕೆ ಹೆಚ್ಚು ಕಮ್ಮಿ ಮೂರೂವರೆ ಗಂಟೆ. ಎಲ್ಲರಿಗಿಂತ ಕೊನೇಲಿ ಬಲೂನ್ ಕಟ್ಕೊಂಡ ಹೆಂಗಸರು ಅದೇ ಪೇಸ್‌ನಲ್ಲಿ ಬರ್ತಿರ್ತಾರೆ, ಬಲೂನ್ ಲೇಡೀಸ್ ಅಂತಾನೇ ಅವರಿಗೆ ಹೆಸರು, ಅವರು ಹಿಂದೆ ಇರೋವರೆಗೂ ನೀನು ಸೇಫ್.

ಹೋದ್ವರ್ಷ ಇಲ್ಲಿ ಓಟದುದ್ದಕ್ಕೂ ಮಳೆ. ಹಾಗಾಗಿ ಹವಾಮಾನ ಏನೇ ಹೇಳ್ಲಿ, ಫೋನಿಗೊಂದು ಜಿಪ್‌ಲಾಕ್ ಕವರ್ ಇಟ್ಕೊ, ಮುಗಿಸಿದ ಮೇಲೆ ಸಿಗೋ ಬ್ಯಾಗ್‌ನಲ್ಲಿ ಒಣಗಿದ ಸಾಕ್ಸು, ಟೀ ಶರ್ಟು, ಚಪ್ಪಲಿ ಹಾಕಿಡು. ತೊಡೆ, ಕಂಕುಳು ಉಜ್ಜೋ ಕಡೆಯೆಲ್ಲ ವ್ಯಾಸಲೀನ್ ಧಾರಾಳವಾಗಿ ಹಚ್ಚು. ಕಾಟನ್ ಶರ್ಟ್ ಬೇಡ.

ಶನಿವಾರದ ವಿಷಯಕ್ಕೆ ಬರ್ತೀನಿ, ಸುಮಾಗೂ ಓದಿ ಹೇಳು. ಬಿಬ್, ಅಂದ್ರೆ ಎದೆಗೆ ಹಚ್ಕೊಳೋ ಓಟದ ನಂಬರು, ತಗೊಳೋಕೆ ಶುಕ್ರವಾರಾನೇ ಹೋಗೋಣ, ಅದು ಇಎಸ್‌ಪಿಎನ್ ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್ ಅನ್ನೋ ಡಿಸ್ನಿ ಕ್ರೀಡಾಂಗಣದಲ್ಲಿ, ನಿನ್ನದು ನೀನೇ ಐಡಿ ತೋರ್ಸಿ ತಗೋಬೇಕು, ನಾನು ತಗೊಂಡಿಡೋ ಹಾಗಿಲ್ಲ. ಶನಿವಾರ ಬೆಳಗ್ಗೆ ಅನಿಮಲ್ ಕಿಂಗ್‌ಡಮ್ ಪಾರ್ಕ್‌ನಲ್ಲಿ ಜಿಂಗಲ್ ಜಂಗಲ್ 5ಕೆ ಅಂತ ಇನ್ನೊಂದು ಓಟ ಇದೆ, ಪುಟ್ಟಿ ಓಡ್ತೀನಿ ಅಂತಿದಾಳೆ ಅಂದ್ಯಲ್ಲ, ಸುಮಾ ಅವಳ ಜೊತೆ ಓಡ್ಲಿ, ನೀನು ಹೋಗ್ಬೇಡ, ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡಿಯೋಕೂ ಹೋಗ್ಬೇಡ. ಐದಕ್ಕೆ ಎದ್ದು ಹೋಗಿ ನಿಂತ್ರೆ ರಾತ್ರಿ ಹನ್ನೊಂದಕ್ಕೆ ಅದರ ಬೆಲೆ ಕಟ್ಬೇಕಾಗುತ್ತೆ. ಅವಳಿಗೆ ಬೇಜಾರಾಗುತ್ತೆ ಅನ್ನೋದು ನನಗೂ ಸಂಕಟಾನೇ, ಅದಕ್ಕೇ ನಮ್ಮನೆಯವಳು ಹೋಗಿ ಅವಳ ಫೋಟೋ ಎಲ್ಲ ತೆಗೆದು ಕಳಿಸ್ತೀನಿ ಅಂದಿದಾಳೆ. ಅವತ್ತು ಯಾವ ಪಾರ್ಕೂ ಬೇಡ. ಪಾರ್ಕಲ್ಲಿ ಸುಮ್ನೆ ಸುತ್ತಿದ್ರೂ ಗೊತ್ತಾಗ್ದಂಗೆ ಏಳೆಂಟು ಮೈಲಿ ಆಗಿಬಿಡುತ್ತೆ. ಭಾನುವಾರ, ಸೋಮವಾರ ಬೇಕಾದಷ್ಟು ಸುತ್ತೋಣ. ಸಂಜೆ ಆರಕ್ಕೆಲ್ಲ ಕತ್ತಲಾಗುತ್ತೆ, ಆಮೇಲೆ ಹೋಟೆಲಿಂದ ಬಸ್ಸು. ಸ್ಟಾರ್ಟ್ ಹತ್ರ ತುಂಬಾ ಹೊತ್ತು ಕಾಯ್ಬೇಕು, ಕೂರೋಕೆ ಒಂದು ಹಳೇ ಟವಲ್ ತಗೊಂಡು ಬಾ, ಅಲ್ಲಿ ಡಿಜೆ ಹಾಡು ಹಾಕ್ತಾನೆ, ಜನ ಕುಣೀತಾರೆ, ನೀನು ಕೂತಿರು.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಮಂಜು, ಈ ಓಟದಲ್ಲಿ ನೋಡ್ಬೇಕಾದ್ದು ಇರೋದು ಕೊನೆ ಕಡೆ. ಮೊದಲು ಆಸಿಯೋಲಾ ಪಾರ್ಕ್‌ವೇ ಅಂತ ಅಗಲವಾದ ಹೈವೇ, ಅದೊಂಥರಾ ಬೋರು. ಆಮೇಲೆ ಅನಿಮಲ್ ಕಿಂಗ್‌ಡಮ್ ಒಳಗೆ ಹೋಗ್ತೀವಿ, ಆ ಪಾರ್ಕ್ ಸಾಮಾನ್ಯವಾಗಿ ಸಂಜೆಗೇ ಮುಚ್ಚಿಬಿಡ್ತಾರೆ, ರಾತ್ರಿ ಹನ್ನೊಂದರಲ್ಲಿ ಆ 145 ಅಡಿ ಎತ್ತರದ ಟ್ರೀ ಆಫ್ ಲೈಫ್ ಅನ್ನೋ ಕೃತಕ ಮರದ ಪಕ್ಕ ಹೋಗೋ ಭಾಗ್ಯ ಟಿಕೆಟ್ ತಗೊಂಡು ಬಂದೋರಿಗೂ ಸಿಗಲ್ಲ. ಮತ್ತೆ ಹೈವೇ, ಏರೋ ರ‍್ಯಾಂಪ್‌ಗಳು, ಅಲ್ಲಿ ನಡಿ. ಓಟ ಮುಕ್ಕಾಲು ಮುಗಿದ ಮೇಲೆ ಹಾಲಿವುಡ್ ಸ್ಟುಡಿಯೋಸ್ ಅನ್ನೋ ಇನ್ನೊಂದು ಪಾರ್ಕ್, ಅದರೊಳಗೆ ಆಸ್ಬೋರ್ನ್ ಫ್ಯಾಮಿಲಿ ಲೈಟ್ಸ್ ಅನ್ನೋ ಕ್ರಿಸ್ಮಸ್ ದೀಪಗಳು.

ಆ ದೀಪಗಳ ಕಥೆ ನಿನಗೆ ಗೊತ್ತಿಲ್ಲ ಅನ್ಸುತ್ತೆ. ಜೆನ್ನಿಂಗ್ಸ್ ಆಸ್ಬೋರ್ನ್ ಅಂತ ಆರ್ಕನ್ಸಾದ ಲಿಟ್ಲ್ ರಾಕ್‌ನಲ್ಲಿದ್ದ ಒಬ್ಬ ಬಿಸಿನೆಸ್‌ಮನ್, 1986ರಲ್ಲಿ ಪುಟ್ಟ ಮಗಳು ಕೇಳಿದ್ಲು ಅಂತ ಕ್ರಿಸ್ಮಸ್‌ಗೆ ಮನೆ ಮುಂದೆ ಸಾವಿರ ಬಲ್ಬ್ ಹಾಕ್ಸಿದ್ರಂತೆ. ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಹೆಚ್ಚಾಗಿ ಅದು ಮೂವತ್ತು ಲಕ್ಷ ದಾಟಿ, ಪಕ್ಕದ ಮನೆಗಳನ್ನೂ ಕೊಂಡು ಅಲ್ಲೂ ದೀಪ ಹಾಕಿ, ನೋಡೋಕೆ ಬರೋ ಕಾರುಗಳಿಂದ ರಸ್ತೆಯೇ ಜಾಮ್ ಆಗಿ, ಅಕ್ಕಪಕ್ಕದೋರು ಕೋರ್ಟಿಗೆ ಹೋದ್ರು, ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಆಸ್ಬೋರ್ನ್ ಸೋತ್ರು. ಆಗ ಡಿಸ್ನಿಯೋರು ನಮ್ಮಲ್ಲಿ ಹಾಕ್ತೀವಿ ಬನ್ನಿ ಅಂದು 1995ರಿಂದ ಇಲ್ಲಿ ಹಾಕ್ತಾ ಬಂದಿದಾರೆ, ಈಗ ಐವತ್ತು ಲಕ್ಷ ದೀಪ, ಹಾಡಿಗೆ ತಕ್ಕಂಗೆ ಕುಣಿಯೋ ಹಾಗೆ ಮಾಡಿದಾರೆ. ಆ ಅಪ್ಪ 2011ರಲ್ಲಿ ತೀರಿಕೊಂಡ್ರು. ಹೋದ ತಿಂಗಳು ಸುದ್ದಿ ಬಂತು, ಈ ವರ್ಷದ್ದೇ ಕೊನೆ ಸೀಸನ್, ಆ ಬೀದೀನೇ ಕೆಡವಿ ಬೇರೆ ಏನೋ ಕಟ್ತಾರಂತೆ. ಈ ಸಲ ದೀಪ ಹಚ್ಚೋದು ನವೆಂಬರ್ 6ಕ್ಕೆ, ನಾವು ಅದರೊಳಗೆ ಓಡೋದು 7ಕ್ಕೆ.

ಒಂದು ಮಗು ಆಸೆ ಪಟ್ಟಿದ್ದಕ್ಕೆ ಶುರುವಾದ ದೀಪ ಕಣೋ ಅದು. ನಮ್ಮಪ್ಪ ಆಕಾಶಬುಟ್ಟಿ ಕಟ್ಟೋಕೆ ಬಿದಿರು ಸೀಳ್ತಾ ಕೂತಿರ್ತಿದ್ದ ದಿನಗಳನ್ನ ಆ ಬೀದೀಲಿ ನಿಂತಾಗ ನೆನೆಸ್ಕೊಳ್ದೆ ಇರೋಕೆ ನನ್ನಿಂದ ಆಗ್ಲಿಲ್ಲ. ಹತ್ತು ಮೈಲಿ ಓಡಿ ಬಂದು, ಬೆವರು ಕಣ್ಣಿಗೆ ಇಳೀತಿರೋವಾಗ, ಕತ್ತಲಿಂದ ತಿರುಗಿದ ಕೂಡ್ಲೆ ಎರಡೂ ಕಡೆ ಗೋಡೆ ತುಂಬಾ, ತಲೆ ಮೇಲೆ, ಎಲ್ಲೆಲ್ಲೂ ಬೆಳಕು. ಎಷ್ಟೋ ಜನ ಅಲ್ಲಿಗೆ ಬರೋ ಹೊತ್ತಿಗೆ ತಲೆ ಬಗ್ಗಿಸಿ, ಕಾಲು ಎಳೀತಾ, ಯಾವಾಗ ಮುಗಿಯುತ್ತೋ ಅಂತ ಹೋಗಿಬಿಡ್ತಾರೆ. ನೀನು ಹಾಗೆ ಹೋಗ್ಬಾರ್ದು. ತಲೆ ಎತ್ತಿ ನೋಡೋ ಅಷ್ಟು ಶಕ್ತಿ ಉಳಿಸ್ಕೊಂಡಿರು. ಅಲ್ಲಿ ಇಬ್ರೂ ನಿಲ್ಲೋಣ, ಎರಡು ನಿಮಿಷ ಹೋದ್ರೆ ಹೋಗ್ಲಿ.

ಅಲ್ಲಿಂದ ನೀರಿನ ಪಕ್ಕದ ದಾರೀಲಿ ಬೋರ್ಡ್‌ವಾಕ್, ಆಮೇಲೆ ಎಪ್ಕಾಟ್ ಪಾರ್ಕ್, ಮುಗೀತು. ಮೆಡಲ್ ಹಾಕ್ಕೊಂಡು ತಕ್ಷಣ ಕೂತ್ಬಿಡ್ಬೇಡ, ನಡೀತಿರು. ಒಳಗೆ ಫುಡ್ ಅಂಡ್ ವೈನ್ ಫೆಸ್ಟಿವಲ್ ಅಂಗಡಿಗಳು ನಮಗೋಸ್ಕರ ಬೆಳಗಿನ ಜಾವದವರೆಗೂ ತೆಗೆದಿರ್ತವೆ, ನಮ್ಮ ಟಿಕೆಟ್ ಓಟದ ಫೀಸಲ್ಲೇ ಸೇರಿದೆ, ಸುಮಾಗೆ ಮಾತ್ರ ಬೇರೆ ತಗೋಬೇಕು, ಬೇಗ ತಗೊ, ಖಾಲಿ ಆಗುತ್ತೆ. ಪುಟ್ಟಿ ಅಷ್ಟೊತ್ತಿಗೆ ನಿದ್ದೆ ಮಾಡಿರ್ತಾಳೆ, ಸ್ಟ್ರೋಲರ್ ಇರ್ಲಿ. ಉಪ್ಪಿರೋದು ಏನಾದ್ರೂ ತಿನ್ನು, ನೀರು ಕುಡಿ, ವೈನ್ ಆಮೇಲೆ.

ವಾಪಸ್ ಟಿಕೆಟ್ ಭಾನುವಾರ ಬೆಳಗ್ಗೆಗೆ ಇದ್ರೆ ದಯವಿಟ್ಟು ಇವತ್ತೇ ಮಂಗಳವಾರಕ್ಕೆ ಬದಲಾಯಿಸು. ನ್ಯೂಅರ್ಕಿಂದ ಗುರುವಾರ ಎಷ್ಟೊತ್ತಿಗೆ ಹೊರಡ್ತೀರ ಅಂತ ತಿಳಿಸು, ಒರ್ಲ್ಯಾಂಡೋ ಏರ್ಪೋರ್ಟಿಗೆ ನಾನೇ ಬರ್ತೀನಿ, ರೈಸ್ ಕುಕ್ಕರ್ ನಾನು ತರ್ತಿದೀನಿ, ನೀವು ಹೊತ್ಕೊಂಡು ಬರ್ಬೇಡಿ. 24ರ ರಾತ್ರಿ ಓಡಿ ಬಂದ ಮೇಲೆ ಹೊಟ್ಟೆ ಹೇಗಿತ್ತು ಅಂತ ಎಷ್ಟೊತ್ತಾದ್ರೂ ಸರಿ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ,
ಶ್ರೀಧರ