ರಾಬರ್ಟೊನ ಮೈಬಣ್ಣ ಬದಲಿಸಲು ಇವರಾರು?

ಮಾನ್ಯರೇ,

ನಮ್ಮ ಬಡಾವಣೆ ಗ್ರಂಥಾಲಯದ ಕಾಮಿಕ್ಸ್ ಪ್ರದರ್ಶನಕ್ಕೆ ಮಕ್ಕಳು ಮುಗಿಬಿದ್ದಿದ್ದಾರೆ ಎಂದು ಮೊನ್ನೆ ನಿಮ್ಮಲ್ಲಿ ವರದಿ ಬಂದಿತ್ತು. ಅದನ್ನು ನಂಬಿ ಭಾನುವಾರ ಮಗನನ್ನು ಕರೆದುಕೊಂಡು ಹೋದೆ. ನಿಮ್ಮ ವರದಿಗಾರರು ಬ್ರೆಜಿಲ್ ವಿಭಾಗದ ಮುಂದೆ ಎರಡು ನಿಮಿಷ ನಿಂತಿದ್ದರೆ ಹಾಗೆ ಹೊಗಳುತ್ತಿರಲಿಲ್ಲ.

ಕೆಲಸದ ನಿಮಿತ್ತ ನಾಲ್ಕು ವರ್ಷ ಬ್ರೆಜಿಲ್‌ನ ಕಂಪಿನಾಸ್‌ನಲ್ಲಿದ್ದವರು ನಾವು. ಮಗ ಅಕ್ಷರ ಕಲಿತದ್ದೇ ಅಲ್ಲಿನ ಭಾಷೆ ಪೋರ್ಚುಗೀಸ್‌ನಲ್ಲಿ. ಮಳೆಯಲ್ಲಿ ಮುಕ್ಕಾಲು ಗಂಟೆ ಕಾದು, ಆಟೊದವನಿಗೆ ಮೀಟರ್ ಮೇಲೆ 50 ರೂಪಾಯಿ ಕೊಟ್ಟು ಹೋದದ್ದು ಅವನಿಗೆ ಬ್ರೆಜಿಲ್‌ನ ಕಾಮಿಕ್ಸ್ ನಾಯಕ ಸನ್‌ಸ್ಪಾಟ್‌ನನ್ನು ತೋರಿಸಲಿಕ್ಕೆ. ಆ ಮೂಲೆಯ ಟ್ಯೂಬ್‌ಲೈಟ್ ಕೆಟ್ಟಿತ್ತು. ಮೊಬೈಲ್ ಟಾರ್ಚ್ ಹಿಡಿದು ಫಲಕ ಓದಿದೆವು. ‘ಸ್ಪ್ಯಾನಿಷ್ ಮಾತಾಡುವ ಬಿಳಿಯ ಯುವಕ’ ಎಂದಿತ್ತು.

ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಬಾಬ್ ಮೆಕ್ಲಿಯೋಡ್ 1982ರಲ್ಲಿ ಸೃಷ್ಟಿಸಿದ ರಾಬರ್ಟೊ ಡ ಕೋಸ್ಟಾ, ಅಂದರೆ ಸನ್‌ಸ್ಪಾಟ್, ರಿಯೊ ಡಿ ಜನೈರೊದ ಹುಡುಗ. ಅಪ್ಪ ಕಪ್ಪುವರ್ಣದ ಉದ್ಯಮಿ, ಅಮ್ಮ ಬಿಳಿಯ ಪುರಾತತ್ವ ತಜ್ಞೆ. ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಗಳು ಮೈಬಣ್ಣ ಎತ್ತಿ ಆಡಿಕೊಂಡು ಹೊಡೆದಾಗಲೇ ಅವನ ಶಕ್ತಿ ಹೊರಬರುವುದು. ಮೈಯೆಲ್ಲ ಇದ್ದಿಲಿನಂತೆ ಕಪ್ಪಾಗುತ್ತದೆ. ಬಣ್ಣ ತೆಗೆದರೆ ಆ ಕಥೆಯಲ್ಲಿ ಉಳಿಯುವುದೇನು? ನನ್ನ ಮಗನೂ ಕಪ್ಪು. ಶಾಲೆಯಲ್ಲಿ ಅವನಿಗೆ ಇಟ್ಟಿರುವ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ. ಫಲಕದ ಚಿತ್ರದ ಮೇಲೆ ಬೆರಳಿಟ್ಟು ‘ಅಮ್ಮ, ಇವನು ಬೇರೆ ಯಾರೋ’ ಎಂದ. ಅದು 2020ರ ಸಿನಿಮಾದಲ್ಲಿ ರಾಬರ್ಟೊನ ಪಾತ್ರಕ್ಕೆ ಆರಿಸಿದ ನಟನ ಚಿತ್ರ. ಆ ಆಯ್ಕೆಗೆ ಸ್ವತಃ ಮೆಕ್ಲಿಯೋಡ್ ಅವರೇ ಬಹಿರಂಗವಾಗಿ ಬೇಸರಪಟ್ಟಿದ್ದರು. ಆ ಸಿನಿಮಾದಲ್ಲಿ ಅವರ ಹೆಸರನ್ನೂ ತಪ್ಪಾಗಿ ಹಾಕಿದ್ದರು. ಇಲ್ಲಂತೂ ಹೆಸರೇ ಇಲ್ಲ.

ಪಕ್ಕದಲ್ಲಿ ಬಿಯಾಟ್ರಿಸ್ ಡ ಕೋಸ್ಟಾ, ಅಂದರೆ ಫೈರ್ ಎಂಬ ಕಾಮಿಕ್ಸ್ ನಾಯಕಿ. ಅವಳನ್ನು ರಾಬರ್ಟೊನ ತಂಗಿ ಮಾಡಿಟ್ಟಿದ್ದಾರೆ! ಅವಳು 1979ರಲ್ಲಿ ಡಿಸಿ ಎಂಬ ಕಾಮಿಕ್ಸ್ ಪ್ರಕಾಶನದಲ್ಲಿ ಬಂದವಳು, ಇವನು ಮಾರ್ವೆಲ್ ಎಂಬ ಬೇರೆಯೇ ಪ್ರಕಾಶನದವನು. ನಮ್ಮಲ್ಲಿ ಗೌಡರೆಲ್ಲ ಒಂದೇ ಮನೆಯವರೇ? ಖಳನಾಯಕನ ಜಾಗದಲ್ಲಿ ಬ್ಯಾಟ್‌ಮ್ಯಾನ್ ಕಥೆಗಳ ಬೇನ್. ಅವನ ಊರು ಸಾಂತಾ ಪ್ರಿಸ್ಕಾ ಕೆರಿಬಿಯನ್‌ನಲ್ಲಿರುವ ಕಾಲ್ಪನಿಕ ದೇಶ, ಬ್ರೆಜಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಖಳನೇ ಬೇಕಿದ್ದರೆ ರಾಬರ್ಟೊನ ಅಪ್ಪ ಇಮ್ಯಾನುಯೆಲ್ ಇದ್ದ, ಹೆಲ್‌ಫೈರ್ ಕ್ಲಬ್ ಎಂಬ ದುಷ್ಟಕೂಟದ ಜೊತೆ ಕೈಜೋಡಿಸಿದವನು. 2021ರ ಯಾರಾ ಫ್ಲೋರ್ ಪತ್ತೆಯೇ ಇಲ್ಲ. ಅಮೆಜಾನ್ ಕಾಡಿನ ವಂಡರ್ ವುಮನ್ ಅವಳು. ಬ್ರೆಜಿಲ್‌ನ ಜನಪದರು ನಂಬುವ ಕಾಡಿನ ಕಾವಲುಗಾರ್ತಿ ಕೈಪೋರಾ ಅವಳ ಕಥೆಯಲ್ಲಿ ಬರುತ್ತಾಳೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ?

ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ, ‘ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಒಂದೇ ಅಲ್ವಾ ಮೇಡಂ’ ಎಂದರು. ಯಾರಾದರೂ ಕನ್ನಡ, ತೆಲುಗು ಎರಡೂ ಒಂದೇ ಅಂದರೆ ಸುಮ್ಮನಿರುತ್ತಾರಾ ಇವರು? ದೂರು ಬರೆಯೋಣವೆಂದರೆ ಸಲಹಾ ಪುಸ್ತಕ ‘ಸಾಹೇಬರ ಬೀರುವಿನಲ್ಲಿದೆ’, ಸಾಹೇಬರು ರಜೆ.

ಇದೇ ಗ್ರಂಥಾಲಯದಲ್ಲಿ ಹೋದ ವರ್ಷ ಮಕ್ಕಳ ಕೋಣೆ ಸೋರುತ್ತಿದೆ ಎಂದು ಅರ್ಜಿ ಕೊಟ್ಟಿದ್ದೆ. ಸ್ವೀಕೃತಿಯ ಮೊಹರು ಬಿತ್ತು, ಬಕೆಟ್ ಇಂದಿಗೂ ಅಲ್ಲೇ ಇದೆ. ಶೌಚಾಲಯಕ್ಕೆ ಬೀಗ. ಬೆಳಗಿನ ಪತ್ರಿಕೆ ಮಧ್ಯಾಹ್ನವಾದರೂ ಮೇಜಿಗೆ ಬರುವುದಿಲ್ಲ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಸೆಸ್ ಮಾತ್ರ ತಪ್ಪದೆ ಕಟ್ಟಿಸಿಕೊಳ್ಳುತ್ತಾರೆ. ಹಿಂದೆ ಇದೇ ಬಡಾವಣೆಯ ಪಾರ್ಕಿಗೆ ಹಾಕಿದ ನಾಮಫಲಕದಲ್ಲೂ ಕವಿಯ ಹೆಸರು ತಪ್ಪಿತ್ತು, ತಿದ್ದಲು ಎರಡು ವರ್ಷ ಹಿಡಿಯಿತು.

ಸಂಬಂಧಪಟ್ಟವರು ಆ ಫಲಕಗಳನ್ನು ಕೂಡಲೇ ತೆಗೆಯಲಿ. ತೆಗೆಯುವುದು ಬೇಡ, ಬಲ್ಲವರನ್ನು ಕೇಳಿ ತಿದ್ದಲಿ. ಟ್ಯೂಬ್‌ಲೈಟ್ ಹಾಕಿಸಲಿ, ಬೀಗ ತೆಗೆಸಲಿ. ನೀವೂ ಇನ್ನೊಮ್ಮೆ ವರದಿಗಾರರನ್ನು ಕಳಿಸಿ, ಈ ಸಲ ಒಳಗೆ ಹೋಗಿ ನೋಡಲು ಹೇಳಿ. ಮಕ್ಕಳ ಮುಂದೆ ಇಡುವುದನ್ನು ಒಮ್ಮೆ ಓದಿ ನೋಡುವಷ್ಟೂ ವ್ಯವಧಾನ ಇಲ್ಲದವರು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದಾರೆ?

– ನೊಂದ ತಾಯಿ, ಬಡಾವಣೆಯ ನಿವಾಸಿ