ಹತ್ತನೇ ತರಗತಿ ಪೋಷಕರಿಗೆ: ಪರವಲಯದ ಲೆಕ್ಕದ ಬಗ್ಗೆ

ಮಾನ್ಯ ಪೋಷಕರೇ,

ಈ ವಾರ ಗಣಿತ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬರುತ್ತವೆ. ಸಹಿ ಹಾಕುವ ಮೊದಲು ಪರವಲಯದ, ಅಂದರೆ ಬಟ್ಟಲಿನಂತೆ ಬಾಗಿದ ಗೆರೆಯ, ಲೆಕ್ಕವನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. ಎಕ್ಸ್² − 6ಎಕ್ಸ್ + 5 ರ ನಕ್ಷೆಯಲ್ಲಿ ಶೃಂಗ ಎಲ್ಲಿದೆ, ಅಂದರೆ ಇಳಿಯುತ್ತಿದ್ದ ಗೆರೆ ಏರಲು ತಿರುಗುವ ಬಿಂದು ಯಾವುದು ಎಂಬುದು ಪ್ರಶ್ನೆ. ಹಲವರು −ಬಿ/2ಎ ಎಂಬ ಸೂತ್ರವನ್ನು (ಎಕ್ಸ್² ಜೊತೆಗಿರುವ ಸಂಖ್ಯೆ ಎ, ಎಕ್ಸ್ ಜೊತೆಗಿರುವುದು ಬಿ) ಸರಿಯಾಗಿಯೇ ಬರೆದಿದ್ದಾರೆ. ಆದರೆ ಬಿ ಬೆಲೆ −6 ಎಂಬುದನ್ನು ಮರೆತು, ಎಕ್ಸ್ −3 ಎಂದುಬಿಟ್ಟಿದ್ದಾರೆ. ಒಂದು ನಕ್ಷೆ ಗೀಚಿದ್ದರೂ ತಪ್ಪು ಕಣ್ಣಿಗೆ ಬೀಳುತ್ತಿತ್ತು.

ಅದಕ್ಕೇ ಸೂತ್ರವನ್ನು ಸ್ವಲ್ಪ ದಿನ ಬದಿಗಿಡಲು ಗಣಿತ ಶಿಕ್ಷಕರಿಗೆ ಹೇಳಿದ್ದೇನೆ. ಪರವಲಯದ ಎಡ ಬಲ ಒಂದೇ ಸಮ. ಹಾಗಾಗಿ ಒಂದೇ ಎತ್ತರದ ಎರಡು ಬಿಂದು ಸಿಕ್ಕರೆ ಶೃಂಗ ಅವುಗಳ ನಟ್ಟನಡುವಿನ ಲಂಬರೇಖೆಯ ಮೇಲೇ ಇರಬೇಕು. ಈ ಲೆಕ್ಕದಲ್ಲಿ ಎಕ್ಸ್ 1 ಆದಾಗಲೂ 5 ಆದಾಗಲೂ ಬೆಲೆ ಸೊನ್ನೆ. ನಡುವೆ 3; ಅಲ್ಲಿ 9 − 18 + 5 = −4. ಶೃಂಗ (3, −4).

ಹೀಗೆ ಬೆಲೆ ಸೊನ್ನೆಯಾಗುವ ಜಾಗಗಳೇ (ಶೂನ್ಯತೆಗಳೇ) ಇಲ್ಲದಿದ್ದರೆ? ಎಕ್ಸ್² − 4ಎಕ್ಸ್ + 7 ಎಲ್ಲಿಯೂ ಸೊನ್ನೆಯಾಗದು. ಆದರೆ ಎಕ್ಸ್ 0 ಆದಾಗ 7, 4 ಆದಾಗಲೂ 7. ನಡುವೆ 2, ಅಲ್ಲಿ ಬೆಲೆ 3. ಇದನ್ನೇ ಅಕ್ಷರಗಳಲ್ಲಿ ಮಾಡಿದರೆ 0 ಮತ್ತು −ಬಿ/ಎ ಗಳ ನಡುಬಿಂದುವಾಗಿ ಆ ಸೂತ್ರ ತಾನಾಗಿ ಬರುತ್ತದೆ. ಆಮೇಲೆ ಬಾಯಿಪಾಠ ಮಾಡಿದರೆ ನನ್ನ ಅಭ್ಯಂತರವೇನಿಲ್ಲ.

ಬೋರ್ಡ್ ಪರೀಕ್ಷೆಗೆ ಇಷ್ಟೆಲ್ಲ ಬೇಕೇ ಎಂದು ಕೆಲವರು ಕೇಳಿದ್ದೀರಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವವರಿಗೆ ಎಸೆದ ಚೆಂಡಿನ ದಾರಿ, ಗರಿಷ್ಠ-ಕನಿಷ್ಠಗಳ ಪಾಠ ಎರಡಕ್ಕೂ ಇದು ಬೇಕು.

ಮನೆಯಲ್ಲಿ ಹೀಗೊಂದು ಲೆಕ್ಕ ಕೇಳಿ ನೋಡಿ. ಹಿತ್ತಲ ಗೋಡೆಯನ್ನೇ ಒಂದು ಬದಿ ಮಾಡಿಕೊಂಡು, ಉಳಿದ ಮೂರು ಬದಿಗೆ 40 ಮೀಟರ್ ತಂತಿಬೇಲಿ ಹಾಕಿ ಆಯತಾಕಾರದ ಕೈತೋಟ ಮಾಡಬೇಕು. ಹೆಚ್ಚು ಜಾಗ ಸಿಗುವುದು ಹೇಗೆ? ಚೌಕ ಎನ್ನುವ ದೊಡ್ಡವರೇ ಜಾಸ್ತಿ. ಗೋಡೆಯಿಂದ ಹೊರಡುವ ಎರಡು ಬದಿಗಳ ಅಳತೆ, ಅಂದರೆ ಅಗಲ, ಎಕ್ಸ್ ಆದರೆ ವಿಸ್ತೀರ್ಣ ಎಕ್ಸ್(40 − 2ಎಕ್ಸ್). ಎಕ್ಸ್ 0 ಆದರೂ 20 ಆದರೂ ಜಾಗ ಸೊನ್ನೆ, ನಡುವೆ 10. ಅಂದರೆ ಅಗಲ 10, ಉದ್ದ 20, ಒಟ್ಟು 200 ಚದರ ಮೀಟರ್. ಈ ಪರವಲಯ ಬೋರಲು ಬಿದ್ದಿರುವುದರಿಂದ ಶೃಂಗವೇ ಎಲ್ಲಕ್ಕಿಂತ ಎತ್ತರದ ಬಿಂದು.

ಸೋಮವಾರದಿಂದ ಗ್ರಾಫ್ ಪುಸ್ತಕ, ಚೂಪು ಮಾಡಿದ ಪೆನ್ಸಿಲ್ ಕಳುಹಿಸಿ. ಬಿಂದುಗಳನ್ನು ಸ್ಕೇಲ್ ಇಟ್ಟು ಕೂಡಿಸುತ್ತಿದ್ದರೆ ದಯವಿಟ್ಟು ತಡೆಯಿರಿ. ಅದು ಕೈಯಲ್ಲೇ ಬರೆಯುವ ಗೆರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು